ವೇಗದ ರ‍್ಯಾಮ್ ಹಾಕಿಸಿದರೆ ಆಟ ಓಡುತ್ತದೆಯೇ?

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರು ಆಟಕ್ಕೆಂದು ಸಿಸ್ಟಮ್ ಅಸೆಂಬಲ್ ಮಾಡಿಸಲು ಹೊರಟರೆ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ. ಪ್ರೊಸೆಸರ್, ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಲೆಕ್ಕ ಹಾಕಿ ಮುಗಿದ ಮೇಲೆ ಒಂದೆರಡು ಸಾವಿರ ಉಳಿಯುತ್ತದೆ; ಅದನ್ನು ವೇಗದ ರ‍್ಯಾಮಿಗೆ ಹಾಕಬೇಕೇ ಬೇಡವೇ? ಸಾಮಾನು ಬೆಂಗಳೂರಿನ ಎಸ್.ಪಿ. ರೋಡ್‌ನಿಂದಲೋ ಆನ್‌ಲೈನ್‌ನಲ್ಲೋ ಬರಬೇಕು. ಬಂದದ್ದು ಸರಿಹೋಗಲಿಲ್ಲವೆಂದು ವಾಪಸ್ ಕಳಿಸುವುದು ದೊಡ್ಡ ರಗಳೆ. ಹಾಗಾಗಿ ಉತ್ತರ ಮೊದಲೇ ಗೊತ್ತಿರುವುದು ಒಳ್ಳೆಯದು. ತೊಡಕೆಂದರೆ, ಕಳೆದ ಇಪ್ಪತ್ತೈದು ವರ್ಷಗಳಲ್ಲಿ ಈ ಉತ್ತರ ನಾಲ್ಕೈದು ಸಲ ಬದಲಾಗಿದೆ.

ಪ್ರೊಸೆಸರ್ ಓಡುವ ವೇಗಕ್ಕೆ ಮೆಮೊರಿ ಹೆಜ್ಜೆ ಹಾಕಲಾರದು, ಮುಂದೊಂದು ದಿನ ಅದೇ ಗೋಡೆಯಾಗಿ ಅಡ್ಡ ನಿಲ್ಲುತ್ತದೆ ಎಂದು ವಿಲಿಯಂ ವುಲ್ಫ್ ಮತ್ತು ಸ್ಯಾಲಿ ಮೆಕ್ಕೀ 1995ರಲ್ಲೇ ಬರೆದಿದ್ದರು. ಅವರ ಮಾತು ಎಷ್ಟು ಸರಿ ಎಂಬುದಕ್ಕೆ ಲೆಕ್ಕ ನೋಡಿ. ಒಳ್ಳೆಯ ದರ್ಜೆಯ ಡಿಡಿಆರ್-400, ಸಿಎಲ್ 2ರ (ಎಂದರೆ ಎರಡು ಬಡಿತ ಕಾಯಿಸುವ) ಸ್ಟಿಕ್ ಕೇಳಿದ ಡೇಟಾ ಕೊಡಲು ಶುರುಮಾಡುವುದಕ್ಕೆ 10 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಡಿಡಿಆರ್4-3200, ಸಿಎಲ್ 16 ತೆಗೆದುಕೊಳ್ಳುವುದೂ ಹತ್ತೇ. ಡಿಡಿಆರ್5-6000, ಸಿಎಲ್ 30ಕ್ಕೂ ಹತ್ತೇ. ಬೆಳೆದದ್ದು ಹರಿವಿನ ಪ್ರಮಾಣ ಮಾತ್ರ: ಸೆಕೆಂಡಿಗೆ 3.2 ಜಿಬಿ ಇದ್ದದ್ದು 25.6 ಆಯಿತು, ಆಮೇಲೆ 48 ಆಯಿತು. ಮಾರಿಕಣಿವೆಯ ನಾಲೆಯನ್ನು ಹದಿನೈದು ಪಟ್ಟು ಅಗಲ ಮಾಡಿದರೂ ತೂಬು ಎತ್ತಿದ ಮೇಲೆ ಮೊದಲ ನೀರು ಗದ್ದೆಗೆ ಬರುವ ಹೊತ್ತು ಹಿಂದಿನಷ್ಟೇ ಇದ್ದಂತೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಅಗಲದ ಸಂಖ್ಯೆ. ಆಟಕ್ಕೆ ಬಹಳ ಸಲ ಮುಖ್ಯವಾಗುವುದು ಮೊದಲ ನೀರು ಬರುವ ಈ ಹೊತ್ತು.

ಸೈಬರ್ ಕೆಫೆಗಳ ಕಾಲದಲ್ಲಿ ವೇಗದ ಮಾತೇ ಇರಲಿಲ್ಲ. ಪಿಸಿ-133 ಎಸ್‌ಡಿರ‍್ಯಾಮ್ 128 ಎಂಬಿ ಇದ್ದದ್ದನ್ನು 256 ಮಾಡಿಸಿದರೆ ಕೌಂಟರ್-ಸ್ಟ್ರೈಕ್ ತಡವರಿಸದೆ ನಡೆಯುತ್ತಿತ್ತು, ಅಷ್ಟೇ. 2000ದಲ್ಲಿ ಇಂಟೆಲ್ ತನ್ನ ಪೆಂಟಿಯಮ್ 4ರ ಜೊತೆ ರ‍್ಯಾಂಬಸ್ ಕಂಪನಿಯ ದುಬಾರಿ ಮೆಮೊರಿಯನ್ನು ತಂದಿತು. ಅಗ್ಗದ ಡಿಡಿಆರ್ ಬರುತ್ತಿದ್ದಂತೆ ಅದು ಮೂಲೆಗೆ ಸೇರಿತು. ಸಿಸ್ಟಮ್ ಬೀಪ್ ಬೀಪ್ ಎಂದು ಕೂಗಿ ಆನ್ ಆಗದಿದ್ದರೆ ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವ ವಿದ್ಯೆಯೂ ಆಗ ನಡೆಯುತ್ತಿತ್ತು. ನಮ್ಮ ಬಯಲುಸೀಮೆಯ ದೂಳಿಗೆ ಅದು ಇವತ್ತಿಗೂ ಮೊದಲ ಮದ್ದು.

ಡಿಡಿಆರ್3 ಕಾಲಕ್ಕೆ ಮೆಮೊರಿಯ ವೇಗವನ್ನು ಪರೀಕ್ಷಿಸಿ ನೋಡುವುದು ನಡೆದಿತ್ತು. ಇಂಟೆಲ್ 2007ರಲ್ಲಿ ಎಕ್ಸ್‌ಎಂಪಿ ತಂದ ಮೇಲೆ ಬಯೋಸ್‌ನಲ್ಲಿ ಒಂದು ಆಯ್ಕೆ ಒತ್ತಿದರೆ ಸಾಕು, ವೇಗ ಏರುತ್ತಿತ್ತು. ಆನಂದ್‌ಟೆಕ್ 2013ರಲ್ಲಿ 1333ರಿಂದ 3000ದವರೆಗಿನ ಸ್ಟಿಕ್‌ಗಳನ್ನು ಇಂಟೆಲ್‌ನ ಹಾಸ್ವೆಲ್ ಪ್ರೊಸೆಸರಿನಲ್ಲಿ ಓಡಿಸಿ ನೋಡಿತು: ತೀರಾ ನಿಧಾನದ್ದು ಬೇಡ, ಆದರೆ ಒಂದು ಮಟ್ಟ ದಾಟಿದ ಮೇಲೆ ಹೆಚ್ಚು ದುಡ್ಡು ಸುರಿದು ಪ್ರಯೋಜನವಿಲ್ಲ. ಬಹುಕಾಲ ಇದೇ ವೇದವಾಕ್ಯವಾಗಿತ್ತು. ಆದರೆ ಅಳತೆಗೋಲೇ ಬದಲಾಗತೊಡಗಿತ್ತು. ಸರಾಸರಿ ಎಫ್‌ಪಿಎಸ್ ನಂಬಬೇಡಿ, ಒಂದೊಂದು ಫ್ರೇಮಿಗೂ ಎಷ್ಟು ಹೊತ್ತು ಹಿಡಿಯಿತು ನೋಡಿ ಎಂದು ಟೆಕ್ ರಿಪೋರ್ಟ್‌ನ ಸ್ಕಾಟ್ ವಾಸನ್ 2011ರಲ್ಲಿ ವಾದಿಸಿದ್ದರು. ಹುಡುಗರು ಇಂದು ಹೇಳುವ ಒನ್ ಪರ್ಸೆಂಟ್ ಲೋ, ಎಂದರೆ ತೀರಾ ನಿಧಾನದ ನೂರನೇ ಒಂದು ಪಾಲು ಫ್ರೇಮುಗಳ ಲೆಕ್ಕ, ಬಂದದ್ದು ಈ ದಾರಿಯಿಂದಲೇ. ಹಾಗೆ ಅಳೆದಾಗ, ದೊಡ್ಡ ಬಯಲು-ಊರುಗಳಿರುವ ಆಟಗಳಲ್ಲಿ ರ‍್ಯಾಮಿನ ವೇಗ ಸರಾಸರಿಗಿಂತ ಆ ನಡುನಡುವಿನ ಜರ್ಕನ್ನು ತಗ್ಗಿಸುತ್ತದೆ ಎಂಬುದು ಕಂಡಿತು. ಗ್ರಾಫಿಕ್ಸ್ ಕಾರ್ಡ್ ಆಗಲೇ ಏದುಸಿರು ಬಿಡುತ್ತಿದ್ದರೆ ಮಾತ್ರ ಯಾವ ರ‍್ಯಾಮ್ ಹಾಕಿದರೂ ಅಷ್ಟೇ.

2017ರಲ್ಲಿ ಎಎಂಡಿಯ ರೈಜನ್ ಬಂದು ಲೆಕ್ಕ ತಲೆಕೆಳಗಾಯಿತು. ಅದರ ಒಳಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್ ಓಡುತ್ತಿದ್ದದ್ದೇ ಮೆಮೊರಿಯ ತಾಳಕ್ಕೆ. ರ‍್ಯಾಮ್ ವೇಗ ಮಾಡಿದರೆ ಪ್ರೊಸೆಸರಿನ ಒಳಗಿನ ಓಡಾಟವೂ ಚುರುಕಾಗುತ್ತಿತ್ತು. ಮರುವರ್ಷ ಗ್ರಾಫಿಕ್ಸನ್ನೂ ಒಳಗೇ ಇಟ್ಟುಕೊಂಡ 2200ಜಿ, 2400ಜಿ, ಆಮೇಲೆ 2021ರಲ್ಲಿ 5600ಜಿ ಬಂದವು. ಗ್ರಾಫಿಕ್ಸ್ ಕಾರ್ಡ್ ಬೆಲೆ ಮುಗಿಲು ಮುಟ್ಟಿದ್ದ ಆ ದಿನಗಳಲ್ಲಿ ನಮ್ಮಂಥ ಊರುಗಳ ಬಜೆಟ್ಟಿಗೆ ಹೇಳಿ ಮಾಡಿಸಿದ ಚಿಪ್‌ಗಳಿವು. ಇಲ್ಲಿ ವೇಗದ ರ‍್ಯಾಮ್ ಶೋಕಿಯಲ್ಲ, ಅನ್ನ. ಜಿಟಿಎಕ್ಸ್ 1650 ಕಾರ್ಡಿಗೆ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 128 ಜಿಬಿ ಹರಿಯುತ್ತದೆ. 5600ಜಿಯ ಒಳಗಿನ ಗ್ರಾಫಿಕ್ಸ್‌ಗೆ ಸಿಗುವುದು ಎರಡು ಸ್ಟಿಕ್ ಡಿಡಿಆರ್4-3200 ಹಾಕಿದರೂ 51.2, ಅದನ್ನೂ ಪ್ರೊಸೆಸರಿನ ಜೊತೆ ಹಂಚಿಕೊಳ್ಳಬೇಕು. ಒಂದೇ ಸ್ಟಿಕ್ ಹಾಕಿದರೆ 25.6. ‘ಈಗ 8 ಜಿಬಿ ಒಂದು ಇರಲಿ, ಮುಂದೆ ಇನ್ನೊಂದು ಹಾಕಿಸೋಣ’ ಎಂದು ಜೋಡಿಸಿದ ಎಷ್ಟೋ ಸಿಸ್ಟಮ್‌ಗಳಲ್ಲಿ ಆ ಮುಂದೆ ಬಂದೇ ಇಲ್ಲ. ಅಲ್ಲಿ 3200ರ ಬದಲು 3600ರದ್ದು ಹಾಕಿದರೆ ಸಿಗುವುದು ಎಂಟನೇ ಒಂದು ಪಾಲು. ಖಾಲಿ ಸ್ಲಾಟ್ ತುಂಬಿದರೆ ಸಿಗುವುದು ಇದ್ದಷ್ಟೇ ಇನ್ನೊಂದು ಪಾಲು.

ಇನ್ನೊಂದು ನಷ್ಟ ಕಣ್ಣಿಗೇ ಬೀಳುವುದಿಲ್ಲ. ಐ3-10100 ಪ್ರೊಸೆಸರ್, ಎಚ್410 ಬೋರ್ಡ್, ಜೊತೆಗೆ 3200ರ ರ‍್ಯಾಮ್ ಎಂದು ಬಿಲ್ ಆಗಿರುತ್ತದೆ. ಆ ಪ್ರೊಸೆಸರ್ ಕೂತ ಆ ಬೋರ್ಡು 2666ರ ಮೇಲೆ ಹೋಗುವುದೇ ಇಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿಯ ಪುಟ ನೋಡಿದರೆ ವೇಗ 2666, ಸ್ಲಾಟು ಎರಡರಲ್ಲಿ ಒಂದು ಎಂದು ಬರೆದಿರುತ್ತದೆ. ಎಎಂಡಿಯ ಅಗ್ಗದ ಎ520 ಬೋರ್ಡಿನಲ್ಲೂ ಮೆಮೊರಿ ವೇಗ ಏರಿಸಬಹುದು, ಆದರೆ ಎಕ್ಸ್‌ಎಂಪಿ ಆನ್ ಮಾಡದೆ ಕೊಟ್ಟ ಸಿಸ್ಟಮ್‌ಗಳೂ ಇವೆ. ಇನ್ನು ಕೆಲವರು ಸಿಪಿಯು-ಝಡ್‌ನಲ್ಲಿ 1600 ಎಂದು ಕಂಡು ಅಂಗಡಿಯವನು ಟೋಪಿ ಹಾಕಿದ ಎಂದು ಜಗಳಕ್ಕೆ ಹೋಗುತ್ತಾರೆ. ಪಾಪ, ಅವನದು ತಪ್ಪಿಲ್ಲ. ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ, 1600 ಎಂದರೆ 3200ರದ್ದೇ.

2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಈ ಕಥೆಗೆ ಮತ್ತೊಂದು ತಿರುವು. ಪ್ರೊಸೆಸರಿನೊಳಗೇ 96 ಎಂಬಿ ಎಲ್3 ಕ್ಯಾಶ್ ಕೂರಿಸಿದ್ದರಿಂದ ಅದು ರ‍್ಯಾಮ್ ಬಾಗಿಲಿಗೆ ಹೋಗುವುದೇ ಕಡಿಮೆಯಾಯಿತು. ಅಂಥ ಚಿಪ್‌ಗೆ ದುಬಾರಿ ರ‍್ಯಾಮ್ ದಂಡ. ಅದೇ ವರ್ಷ ಬಂದ ಎಎಂಡಿಯ ಎಎಂ5 ಬೋರ್ಡ್‌ಗಳಿಗೆ ಡಿಡಿಆರ್5 ಬಿಟ್ಟು ಬೇರೆ ಹಿಡಿಸುವುದಿಲ್ಲ. 6000ದ ಎರಡು ಸ್ಟಿಕ್ ಹದವಾದದ್ದು ಎಂದು ಎಎಂಡಿಯೇ ಹೇಳಿತು. ನಾಲ್ಕು ಸ್ಲಾಟೂ ತುಂಬಿದರೆ ಅದು ಭರವಸೆ ಕೊಡುವ ವೇಗ 3600ಕ್ಕೆ ಇಳಿಯುತ್ತದೆ. ಮೊದಲ ಸಲ ಆನ್ ಮಾಡಿದಾಗ ಮೆಮೊರಿ ಟ್ರೈನಿಂಗ್ ಎಂದು ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡು ಸತ್ತಿತೆಂದು ಗಾಬರಿಯಾಗಿ ಸ್ವಿಚ್ ಆರಿಸುವವರಿದ್ದಾರೆ, ಅಷ್ಟರಲ್ಲಿ ಬೆಸ್ಕಾಂನವರೇ ಆರಿಸುವುದೂ ಉಂಟು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ವ್ಯಾಲೊರಂಟ್‌ನಲ್ಲಿ ಗುಂಡು ತಡವಾಗಿ ತಾಗುತ್ತದೆ ಎಂದು ರ‍್ಯಾಮ್ ಬದಲಾಯಿಸುವವರೂ ಇದ್ದಾರೆ. ಅದು ಬಹುತೇಕ ಪಿಂಗ್. ಹೊಳಲ್ಕೆರೆಯಿಂದ ಮುಂಬೈನ ಸರ್ವರ್‌ವರೆಗಿನ ದಾರಿಯ ಮಾತು. ಇಲ್ಲಿ ರ‍್ಯಾಮ್ ಏನೂ ಮಾಡಲಾರದು.

2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ದರ ಕೈಗೆಟುಕದಂತಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಸ್ಟಿಕ್‌ಗಳ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಎಷ್ಟು ವೇಗ ಎನ್ನುವುದಕ್ಕಿಂತ ಎಷ್ಟು ಜಿಬಿ ಎಂಬ ಹಳೆಯ ಪ್ರಶ್ನೆಯೇ ಹೀಗೆ ಮತ್ತೆ ಮುಂದೆ ಬಂದಿದೆ. ಡಿಡಿಆರ್4 ಸಿಸ್ಟಮ್ ಇರುವವರು ಬೋರ್ಡ್ ಬದಲಾಯಿಸುವ ಮೊದಲು ಇರುವ ಸ್ಟಿಕ್ ಬಿಚ್ಚಿ ಲೇಬಲ್ ಓದಿಕೊಂಡು, ಅಷ್ಟೇ ವೇಗದ, ಅಷ್ಟೇ ಜಿಬಿಯ ಸೆಕೆಂಡ್‌ಹ್ಯಾಂಡ್ ಒಂದನ್ನು ಹುಡುಕುವುದು ಮೇಲು. ಜೋಡಿಯಲ್ಲಿ ಎರಡೂ ಓಡುವುದು ನಿಧಾನದ್ದರ ವೇಗಕ್ಕೇ, ಹಾಗಾಗಿ ಇರುವುದು 3200ರದ್ದಾದರೆ 3600ರದ್ದಕ್ಕೆ ಹೆಚ್ಚಿಗೆ ಕೊಡಬೇಕಾಗಿಲ್ಲ.