ಶೆಲ್ ಹುಡುಕುವ ಜಾಗಗಳು

ಹೊಸದಾಗಿ ಲಿನಕ್ಸ್ ಹಿಡಿದ ಹುಡುಗರು ನನ್ನ ಹತ್ತಿರ ತರುವ ದೂರು ಹೆಚ್ಚುಕಮ್ಮಿ ಒಂದೇ: "ಸರ್, ಜಾವಾ ಹಾಕಿದೀನಿ, ಆದ್ರೂ ಕಮ್ಯಾಂಡ್ ಸಿಗ್ತಿಲ್ಲ ಅಂತಿದೆ." ಜಾವಾ 'ಆಪ್ಟ್' ಫೋಲ್ಡರಿನಲ್ಲಿ ಹಾಯಾಗಿ ಕೂತಿರುತ್ತದೆ, ಕಮ್ಯಾಂಡ್ ಓದಿ ನಡೆಸುವ ಶೆಲ್ ಅತ್ತ ಇಣುಕುವುದೇ ಇಲ್ಲ.

ಈ ತಕರಾರು ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಬರೆದ ಶೆಲ್‌ಗೆ ಹುಡುಕಬೇಕಾದ ಜಾಗಗಳನ್ನು ಪ್ರೋಗ್ರಾಮಿನೊಳಗೇ ಬರೆದುಬಿಟ್ಟಿದ್ದರು. ಬೇರೆಡೆ ಇಟ್ಟವರು ಪೂರ್ತಿ ವಿಳಾಸ ಟೈಪ್ ಮಾಡಬೇಕಿತ್ತು. 1970ರ ದಶಕದ ನಡುವಿಗೆ ಜಾನ್ ಮೇಶಿ ತಮ್ಮ ಶೆಲ್‌ನಲ್ಲಿ ಒಂದಕ್ಷರದ ವೇರಿಯಬಲ್‌ಗಳನ್ನು ತಂದರು. ಹುಡುಕುವ ಪಟ್ಟಿಗೆ ಸಿಕ್ಕಿದ್ದು 'ಪಿ'.

ನಿಜವಾದ ಬದಲಾವಣೆ 1979ರ ಏಳನೇ ಆವೃತ್ತಿಯ ಯುನಿಕ್ಸ್‌ನದು. ಸ್ಟೀಫನ್ ಬೋರ್ನ್ ಅವರ ಶೆಲ್‌ನಲ್ಲಿ 'ಎಕ್ಸ್‌ಪೋರ್ಟ್' ಮಾಡಿದ ವೇರಿಯಬಲ್‌ನ ಪ್ರತಿ, ಆ ಶೆಲ್ ಶುರುಮಾಡುವ ಪ್ರತಿ ಪ್ರೋಗ್ರಾಮಿಗೂ ಹೋಗುತ್ತದೆ. ಅಲ್ಲಿ ತಿದ್ದಿದ್ದು ಮಾತ್ರ ಹಿಂದಕ್ಕೆ ಬರುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ಬರೆದದ್ದು ಪಕ್ಕದ ಟರ್ಮಿನಲ್‌ಗೆ ಗೊತ್ತಾಗದಿರುವುದಕ್ಕೂ ಕಾರಣ ಇದೇ. (ಹುಡುಗರು ನಂಬುವುದು ಎರಡು ಕಿಟಕಿ ತೆರೆದು ತೋರಿಸಿದ ಮೇಲೆಯೇ.)

1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಷ್ ಬಂದಾಗಲೂ ಈ ಏರ್ಪಾಡು ಹಾಗೇ ಉಳಿಯಿತು. ಹಾಗಾಗಿ ಇವತ್ತಿಗೂ ಕೆಲಸ ಅದೇ: ಹೋಮ್ ಫೋಲ್ಡರಿನ 'ಬ್ಯಾಷ್‌ಆರ್‌ಸಿ' ಕಡತದ ಕೊನೆಗೆ ಒಂದು ಎಕ್ಸ್‌ಪೋರ್ಟ್ ಸಾಲು, ಅದರಲ್ಲಿ ಹಳೆಯ 'ಪಾತ್' (ಹುಡುಕುವ ಪಟ್ಟಿಯ ಈಗಿನ ಹೆಸರು), ಒಂದು ಕೋಲನ್, ಜಾವಾದ ಬಿನ್ ಫೋಲ್ಡರು. ಹಳೆಯ ಪಾತ್ ಬಿಟ್ಟು ಬರೆದರೆ 'ಎಲ್ಎಸ್' ಕೂಡ ಸಿಗುವುದಿಲ್ಲ.