ಮುಂಬಯಿಯ ಮಹಾಜ್ವರ

ಮಹಾಮಾರಿಯು ಅರಸನನ್ನೂ ಆಳನ್ನೂ ಸಮನಾಗಿ ಕಾಣುವುದೆಂಬ ನಂಬಿಕೆ ಲೋಕದಲ್ಲಿ ಬಹುಕಾಲದಿಂದ ರೂಢವಾಗಿದೆ. ಆದರೆ 1918ನೆಯ ಇಸವಿಯಲ್ಲಿ ಇನ್‌ಫ್ಲುಯೆಂಜಾ ಜ್ವರದಿಂದ ಮುಂಬಯಿ ನಗರದಲ್ಲಾದ ಮರಣಗಳ ಲೆಕ್ಕವನ್ನು ಓದಿದವನಲ್ಲಿ ಆ ನಂಬಿಕೆ ಉಳಿಯಲಾರದು.

ಮಹಾಯುದ್ಧವಿನ್ನೂ ಮುಗಿಯದಿದ್ದ ಆ ವರ್ಷದ ಜೂನ್ ತಿಂಗಳಲ್ಲಿ ಬಂದರಿನ ಕಾವಲಿದ್ದ ಕೆಲವು ಪೊಲೀಸು ಸಿಪಾಯಿಗಳು ಜ್ವರಪೀಡಿತರಾಗಿ ಆಸ್ಪತ್ರೆಯನ್ನು ಸೇರಿದರು. ನಗರದಲ್ಲೆಲ್ಲ ಹಬ್ಬಿ, ರೈಲುಮಾರ್ಗವನ್ನು ಹಿಡಿದು ಒಳನಾಡಿಗೂ ಹೊಕ್ಕ ಆ ರೋಗವು ಮೊದಲು ಸೌಮ್ಯವಾಗಿಯೇ ಶಮನಗೊಂಡಿತಾದರೂ, ಸೆಪ್ಟೆಂಬರಿನಲ್ಲಿ ಮರಳಿ ಬಂದಾಗ ಶ್ವಾಸಕೋಶಗಳನ್ನೇ ಆಕ್ರಮಿಸಿ ತಾರುಣ್ಯದಲ್ಲಿದ್ದವರನ್ನೂ ಬಲಿಗೊಂಡಿತು. ಅಕ್ಟೋಬರ್ 6ರ ಒಂದೇ ದಿನ ನಗರದಲ್ಲಿ 768 ಮಂದಿ ಮಡಿದರು.

ಈ ಮರಣಗಳನ್ನು ನಗರದ ಆರೋಗ್ಯಾಧಿಕಾರಿಗಳು ಸಮುದಾಯವಾರು ವಿಂಗಡಿಸಿದರು. ಸಾವಿರಕ್ಕೆ ಯೂರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಮುಸಲ್ಮಾನರಲ್ಲಿ 19.2, ಕೆಳಜಾತಿಯ ಹಿಂದೂಗಳೆಂದು ದಾಖಲೆಯು ಕರೆದ ಜನರಲ್ಲಿಯಾದರೋ 61.6, ಎಂದರೆ ಉಳಿದ ಹಿಂದೂಗಳಿಗಿಂತ ಮೂರು ಪಟ್ಟಿಗೂ, ಯೂರೋಪಿಯನ್ನರಿಗಿಂತ ಏಳು ಪಟ್ಟಿಗೂ ಮಿಗಿಲು.

ಅಂದು ಈ ರೋಗಕ್ಕೆ ಸಿದ್ಧೌಷಧವೆಂಬುದು ಧನಿಕರಿಗೂ ಲಭ್ಯವಿರಲಿಲ್ಲವೆಂಬುದನ್ನು ನೆನೆದರೆ ಈ ಅಂತರದ ಅರ್ಥವು ಸ್ಪಷ್ಟವಾಗುತ್ತದೆ. ಬದುಕಿಸಬಲ್ಲ ಸಾಧನಗಳೆಂದರೆ ಗಾಳಿಬೆಳಕುಳ್ಳ ಮನೆ, ಹೊಟ್ಟೆಗೆ ಅನ್ನ, ಹಾಸಿಗೆ ಹಿಡಿದು ಮಲಗುವಷ್ಟು ವಿರಾಮ, ಬಳಿಯಲ್ಲಿದ್ದು ಉಪಚರಿಸುವ ಒಂದು ಜೀವ, ಇಷ್ಟೇ. ಗಿರಣಿಯ ಕಾರ್ಮಿಕನ ಸಂಸಾರವೋ, ಚಾಳಿನ ಒಂದೇ ಕೋಣೆಯಲ್ಲಿ ಅಡುಗೆ, ನಿದ್ರೆ, ಬಾಣಂತನ, ರೋಗ ಎಲ್ಲವನ್ನೂ ನಡೆಸಬೇಕಾಗಿತ್ತು. ಕೂಲಿ ತಪ್ಪಿದ ದಿನ ಒಲೆ ಹೊತ್ತುತ್ತಿರಲಿಲ್ಲ. ಅದೇ ವರ್ಷ ಮುಂಗಾರು ಕೈಕೊಟ್ಟು, ಯುದ್ಧದಿಂದ ಮೊದಲೇ ಏರಿದ್ದ ಧಾನ್ಯದ ಬೆಲೆ ಇನ್ನಷ್ಟು ಏರಿತ್ತು. ಮನೆಮಂದಿಗೆಲ್ಲ ಬಡಿಸಿ ಕಡೆಯಲ್ಲಿ ಉಣ್ಣುವ ಹೆಂಗಸರೇ ರೋಗಿಗಳ ಶುಶ್ರೂಷೆಗೂ ನಿಂತರು. ದೇಶದ ಬಹುಭಾಗದಲ್ಲಿ ಗಂಡಸರಿಗಿಂತ ಅವರೇ ಹೆಚ್ಚಾಗಿ ಸತ್ತರು.

ಇಂತಹ ಸಂಕಟದಲ್ಲಿ ಸ್ವಯಂಸೇವಕರು ಮನೆಮನೆಗೆ ಹಾಲನ್ನೂ ಔಷಧವನ್ನೂ ಒಯ್ದದ್ದು ಮಾನವಧರ್ಮಕ್ಕೆ ಶೋಭೆ ತಂದ ಕಾರ್ಯವೇ ಸರಿ. ಆದರೆ ದಶಕಗಳ ಅನ್ಯಾಯದಿಂದ ಕ್ಷೀಣಿಸಿದ ದೇಹಕ್ಕೆ ಕೆಲವು ವಾರಗಳ ದಯೆಯು ಕಸುವನ್ನು ತುಂಬಲಾರದು. ವಸತಿ, ಆಹಾರ, ನ್ಯಾಯವಾದ ಕೂಲಿ ಇವುಗಳನ್ನು ಆರೋಗ್ಯಶಾಸ್ತ್ರದ ಅಂಗಗಳೆಂದೇ ಬಗೆದು, ರೋಗವಿಲ್ಲದ ಕಾಲದಲ್ಲಿಯೇ ಸರ್ವರಿಗೂ ಒದಗಿಸುವುದು ಆಳುವವರ ಕರ್ತವ್ಯ. ಆ ಕರ್ತವ್ಯದಲ್ಲಿ ಲೋಪವಾದಲ್ಲಿ ಮುಂದಿನ ಮಾರಿಯೂ ಬಡವರ ಕೇರಿಯಿಂದಲೇ ಹೆಚ್ಚು ಹೆಣಗಳನ್ನು ಹೊರಡಿಸುವುದರಲ್ಲಿ ಸಂದೇಹವಿಲ್ಲ.