ರಂಗೋಲಿ ಪುಡಿಯ ಮರೆಯಲ್ಲಿ: 'ಕೋಲಮಾವು ಕೋಕಿಲಾ' ಚಿತ್ರದ ವಿಮರ್ಶೆ ಮತ್ತು ಜಾನಪದ ದೃಷ್ಟಿ

ತಮಿಳಿನ ಜನಪ್ರಿಯ ಚಿತ್ರಗಳಲ್ಲಿ ಮಾದಕ ವಸ್ತುಗಳ ಕಳ್ಳಸಾಗಣೆ ಬಹುಮಟ್ಟಿಗೆ ಖಳನಾಯಕನ ವೃತ್ತಿಯಾಗಿಯೇ ಚಿತ್ರಿತವಾಗುತ್ತ ಬಂದಿತ್ತು. 2018ರ ಆಗಸ್ಟ್ 17ರಂದು ತೆರೆಕಂಡ, ನೆಲ್ಸನ್ ದಿಲೀಪ್‌ಕುಮಾರ್ ಅವರ ಮೊದಲ ಚಿತ್ರ 'ಕೋಲಮಾವು ಕೋಕಿಲಾ' ಆ ವೃತ್ತಿಯನ್ನು ಕೆಳಮಧ್ಯಮ ವರ್ಗದ ಮನೆಮಗಳೊಬ್ಬಳ ಕೈಗಿತ್ತಿತು. ತಾಯಿಗೆ ಶ್ವಾಸಕೋಶದ ಕ್ಯಾನ್ಸರ್, ಚಿಕಿತ್ಸೆಗೆ ಹಣವಿಲ್ಲ, ಮಗಳು ಕೊಕೇನ್ ಸಾಗಿಸುವ ಜಾಲವನ್ನು ಸೇರುತ್ತಾಳೆ. ವಸ್ತು ಕರುಣಾಜನಕವಾದುದು, ನಿರೂಪಣೆಯ ಧಾಟಿ ಕರಾಳ ಹಾಸ್ಯದ್ದು. ವಿಮರ್ಶಕರಲ್ಲಿ ಭಿನ್ನಾಭಿಪ್ರಾಯ ಮೂಡಿದ್ದು ಈ ವೈದೃಶ್ಯದ ಸುತ್ತಲೇ.

ಮೆಚ್ಚಿದವರು ನಯನತಾರಾ ಅವರ ಭಾವರಹಿತ ಮುಖದ ಅಭಿನಯವನ್ನೂ, ದಿನಸಿ ಅಂಗಡಿಯ ಶೇಖರನಾಗಿ ಯೋಗಿ ಬಾಬು ಹುಟ್ಟಿಸುವ ನಗೆಯನ್ನೂ, ನಾಯಕನ ಆಸರೆಯಿಲ್ಲದೆ ಸಾಗುವ ಕಥನವನ್ನೂ ಎತ್ತಿಹಿಡಿದರು. ಆಕ್ಷೇಪಿಸಿದವರು ಉತ್ತರಾರ್ಧದ ದೀರ್ಘತೆಯನ್ನೂ ಅಸಂಭಾವ್ಯತೆಯನ್ನೂ ಗುರುತಿಸಿದರು. ಇವೆಲ್ಲಕ್ಕಿಂತ ಗಂಭೀರವಾದುದು ಮತ್ತೊಂದು ಆಕ್ಷೇಪ: ಹೆಣ್ಣಿನ ಮೇಲಿನ ಲೈಂಗಿಕ ಬೆದರಿಕೆಯೂ ಬೆಂಬಿಡದ ಏಕಮುಖ ಪ್ರೇಮವೂ ಇಲ್ಲಿ ನಗೆಯ ಸರಕಾಗಿವೆ ಎಂಬುದು.

ಅಸಂಭಾವ್ಯತೆಯ ಆಕ್ಷೇಪಕ್ಕೆ ಜಾನಪದದಲ್ಲಿ ಉತ್ತರವಿದೆ. 'ಕೋಲಮಾವು' ಎಂದರೆ ರಂಗೋಲಿ ಪುಡಿ. ಹೊಸ್ತಿಲ ಮುಂದೆ ಹೆಂಗಸರು ದಿನವೂ ಬಳಸುವ, ಯಾರೂ ಸಂಶಯಪಡದ ಈ ಬಿಳಿಯ ಪುಡಿ ಚಿತ್ರದಲ್ಲಿ ಮತ್ತೊಂದು ಬಿಳಿಯ ಪುಡಿಗೆ ಸಂಕೇತವಾಗುತ್ತದೆ. ಅಂತೆಯೇ ನಾಯಕಿಯ ಮುಗ್ಧತೆಯೂ ಒಂದು ಮರೆಯೇ. ಅಂತಾರಾಷ್ಟ್ರೀಯ ಜನಪದ ಕಥಾವರ್ಗ ಸೂಚಿಯ 956ಬಿ ವರ್ಗದಲ್ಲಿ, ಮನೆಯಲ್ಲಿ ಒಂಟಿಯಾಗಿದ್ದ ಜಾಣ ಹುಡುಗಿ ನುಗ್ಗಿಬಂದ ದರೋಡೆಕೋರರನ್ನು ಕೊಲ್ಲುತ್ತಾಳೆ. ಅಲ್ಲಿ ಸಂಭಾವ್ಯತೆಯನ್ನು ಕೇಳುಗರು ಪ್ರಶ್ನಿಸುವುದಿಲ್ಲ; ದುರ್ಬಲಳೆಂದು ಬಗೆದವರ ಸೋಲೇ ಅವರಿಗೆ ತೃಪ್ತಿ. ಕೋಕಿಲಾ ಈ ಜಾಣೆಯ ವಂಶದವಳು.

ಆದರೆ ಈ ಹೋಲಿಕೆ ಇನ್ನೊಂದು ಆಕ್ಷೇಪವನ್ನು ತಳ್ಳಿಹಾಕುವುದಿಲ್ಲ, ಬಲಪಡಿಸುತ್ತದೆ. ಜಾಣೆಯ ಕಥೆಯಲ್ಲಿ ನಗೆಗೆ ಗುರಿಯಾಗುವವನು ಮೋಸಹೋದ ಕಳ್ಳ. ಹುಡುಗಿಗೆ ಒದಗಿದ ಅಪಾಯವಲ್ಲ. ಅಪಾಯ ನಿಜವೆನಿಸಿದರೆ ಮಾತ್ರ ಜಾಣ್ಮೆಗೆ ಬೆಲೆ. ಚಿತ್ರ ಅಪಾಯವನ್ನೇ ನಗೆಯಾಗಿಸಿದ ಕಡೆಗಳಲ್ಲಿ ತನ್ನ ನಾಯಕಿಯ ಗೆಲುವನ್ನು ತಾನೇ ಹಗುರಗೊಳಿಸಿದೆ.

2022ರಲ್ಲಿ ಸಿದ್ಧಾರ್ಥ್ ಸೇನ್ ನಿರ್ದೇಶಿಸಿದ, ಜಾಹ್ನವಿ ಕಪೂರ್ ಅಭಿನಯದ 'ಗುಡ್ ಲಕ್ ಜೆರ್ರಿ' ಎಂಬ ಹಿಂದಿ ಅವತರಣಿಕೆ ಇದೇ ಕಥೆಯನ್ನು ಪಂಜಾಬಿಗೆ ಒಯ್ದಿತು. ಮಾದಕ ವ್ಯಸನದಿಂದ ನೊಂದ ಆ ನೆಲದಲ್ಲಿ ನಗೆಯ ಹೊಣೆ ಇನ್ನೂ ಹಿರಿದು. 1985ರ ಮಾದಕ ವಸ್ತು ಕಾಯಿದೆಯಂತೆ ನೂರು ಗ್ರಾಂ ಮೀರಿದ ಕೊಕೇನ್ ವಾಣಿಜ್ಯ ಪ್ರಮಾಣದ್ದು. ಅದಕ್ಕೆ ಕನಿಷ್ಠ ಶಿಕ್ಷೆ ಹತ್ತು ವರ್ಷಗಳ ಕಠಿಣ ಸಜೆ. ಕಥೆಯ ಜಾಣೆ ಪಾರಾಗುತ್ತಾಳೆ. ಬಡತನ ಕಳ್ಳಸಾಗಣೆಗೆ ದೂಡಿದ ಹೆಣ್ಣುಮಗಳು ಸಿಕ್ಕಿಬಿದ್ದರೆ ಅವಳ ಪಾಲಿಗೆ ಬರುವುದು ಸೆರೆಮನೆ. ಈ ಅಂತರವನ್ನು ಮರೆಯದ ವಿಮರ್ಶೆಯೇ ಇಂತಹ ಚಿತ್ರಗಳಿಗೆ ನ್ಯಾಯ ಒದಗಿಸಬಲ್ಲದು.